ಸುಂಕಕ್ಕಿಂತ ನಿಯಮಗಳೇ ಬೆಳೆಗಾರರಿಗೆ ಭಾರ

ಯುರೋಪಿನ ಜೊತೆಗಿನ ವ್ಯಾಪಾರದಲ್ಲಿ ಸುಂಕ ಇಳಿದರೆ ನಮ್ಮ ಬೆಳೆಗಾರರಿಗೆ ಸಾಕು ಎಂದು ನಾನು ಓದಿದ ಒಂದು ಲೇಖನ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರನ್ನು ಸುಂಕಕ್ಕಿಂತ ನಿಯಮಗಳೇ ಜಾಸ್ತಿ ಕಾಡುತ್ತವೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ತೋಟದ ಜಿಪಿಎಸ್ ಗುರುತು ಕೊಡಬೇಕು. 4 ಹೆಕ್ಟೇರ್ ಮೀರಿದರೆ ಇಡೀ ಗಡಿಯನ್ನೇ ಗುರುತಿಸಬೇಕು. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಕಾಫಿ ಬೆಳೆಯುವುದೇ ಮರಗಳ ನೆರಳಿನಲ್ಲಿ, ಅಲ್ವಾ? ಕಷ್ಟ ಇರುವುದು ಅದನ್ನು ದಾಖಲೆಯಲ್ಲಿ ತೋರಿಸುವುದರಲ್ಲಿ. ಮೂಡಿಗೆರೆ, ಸಕಲೇಶಪುರದ ಕಡೆ ಎಷ್ಟೋ ಸಣ್ಣ ತೋಟಗಳ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅವರು ದಾಖಲೆ ಎಲ್ಲಿಂದ ತರಬೇಕು? ಇಟಲಿ, ಜರ್ಮನಿ ನಮ್ಮ ದೊಡ್ಡ ಗಿರಾಕಿಗಳು. ಕಾನೂನಿನ ಜಾರಿ ಮುಂದಕ್ಕೆ ಹೋಗಿದ್ದರಿಂದ ಸ್ವಲ್ಪ ಸಮಯ ಸಿಕ್ಕಿದೆ. ಈಗಲೇ ಸರ್ಕಾರ ಊರೂರಿಗೆ ಬಂದು ಉಚಿತವಾಗಿ ಅಳತೆ ಮಾಡಿಸಿಕೊಡಬೇಕು.