ಬಾಲಕ್! ಬಾಲಕ್!

ಮೊರಾಕ್ಕೊದ ಫೆಸ್ ಊರಿನ ಓಣಿಯಲ್ಲಿ ಯಾರೋ ನನ್ನನ್ನು ‘ಬಾಲಕ, ಬಾಲಕ’ ಎಂದು ಕೂಗಿದಾಗ ನನಗೆ ಐವತ್ತೇಳು ನಡೆಯುತ್ತಿತ್ತು. ತಲೆಯ ಮೇಲೆ ಕೂದಲಿಗಿಂತ ಬಿಸಿಲೇ ಜಾಸ್ತಿ. ಆದರೂ ತಾನಾಗಿ ಬಂದ ಹೊಗಳಿಕೆಯನ್ನು ಅನುಮಾನಿಸುವ ಅಭ್ಯಾಸ ನನಗಿಲ್ಲ. ನಗುತ್ತಾ ತಿರುಗಿದೆ. ಎದುರಿಗೆ ಒಂದು ಕತ್ತೆ, ಅದರ ಎರಡೂ ಪಕ್ಕೆಗೆ ಒದ್ದೆ ತೊಗಲಿನ ಹೇರು. ಆ ಓಣಿಯಲ್ಲಿ ಕತ್ತೆ ಮತ್ತು ನಾನು, ಇಬ್ಬರಲ್ಲಿ ಒಬ್ಬರಿಗಷ್ಟೇ ಜಾಗ. ಯಾರಿಗೆ ಅನ್ನುವುದರಲ್ಲಿ ಕತ್ತೆಗೆ ಸಂಶಯವಿರಲಿಲ್ಲ. ನಾನು ಗೋಡೆಗೆ ಅಂಟಿಕೊಂಡೆ. ತೊಗಲು ನನ್ನ ಬಿಳಿ ಅಂಗಿಯನ್ನು ಭುಜದಿಂದ ಸೊಂಟದವರೆಗೆ ನೀಟಾಗಿ ಸವರಿಕೊಂಡು ಹೋಯಿತು.

‘ಬಾಲಕ್’ ಅಂದರೆ ಅಲ್ಲಿಯ ಅರಬ್ಬಿಯಲ್ಲಿ ‘ಹುಷಾರು, ದಾರಿ ಬಿಡಿ’ ಅಂತ.

“ಎಲ್ಲಾ ಓದ್ಕೊಂಡೇ ಬಂದಿದೀನಿ ಅಂದ್ರಲ್ಲ, ಇದು ಸಿಲಬಸ್ಸಲ್ಲಿ ಇರ್ಲಿಲ್ವಾ?” ಎಂದಳು ನಮ್ಮವಳು.

ಓದಿಕೊಂಡು ಬಂದಿದ್ದು ಸುಳ್ಳಲ್ಲ. ಫಾತಿಮಾ ಅಲ್ ಫಿಹ್ರಿ ಎಂಬ ಹೆಣ್ಣುಮಗಳು 859ರಲ್ಲಿ ಕಟ್ಟಿಸಿದಳೆನ್ನುವ ಅಲ್ ಕರವಿಯ್ಯೀನ್ ಮಸೀದಿ, ಅದರ ಜೊತೆಗೇ ಬೆಳೆದ ವಿಶ್ವವಿದ್ಯಾಲಯ, ಹಳೇ ಪೇಟೆಗೆ 1981ರಲ್ಲಿ ಸಿಕ್ಕ ಯುನೆಸ್ಕೊ ಪಟ್ಟ, ಎಲ್ಲವನ್ನೂ ವಿಮಾನದಲ್ಲೇ ಅವಳಿಗೆ ಒಪ್ಪಿಸಿದ್ದೆ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಿದ್ದಳು. ಮಸೀದಿಯೊಳಗೆ ನಮ್ಮಂಥ ಪರಧರ್ಮೀಯರಿಗೆ ಪ್ರವೇಶವಿಲ್ಲ. ಬಾಗಿಲಾಚೆ ನಿಂತು ಇಣುಕಿ, ಬಿಳಿ ಕಮಾನುಗಳಿಗೆ ಮನಸ್ಸಿನಲ್ಲೇ ಕೈಮುಗಿದು ಮುಂದೆ ಹೋದೆವು.

ತೊಗಲು ಹೋಗುತ್ತಿದ್ದದ್ದು ಶುವಾರಾ ಎಂಬ ಹದ ಮಾಡುವ ಜಾಗಕ್ಕೆ. ಚರ್ಮದಂಗಡಿಯ ಮಾಳಿಗೆ ಹತ್ತಿ ನೋಡಬೇಕು. ಮೆಟ್ಟಿಲ ಬುಡದಲ್ಲೇ ಅಂಗಡಿಯವ ಒಂದೊಂದು ಹಿಡಿ ಪುದೀನ ಕೊಟ್ಟ, ಮೂಗಿಗೆ ಹಿಡಿದುಕೊಳ್ಳಿ ಅಂತ. ಕೆಳಗೆ ಮದುವೆಮನೆಯ ಅಡಿಗೆಯವರು ಕೊಪ್ಪರಿಗೆ ಸಾಲಿಟ್ಟಂತೆ ಕಲ್ಲಿನ ತೊಟ್ಟಿಗಳು. ಒಂದರಲ್ಲಿ ಸಾರಿನ ಬಣ್ಣ, ಒಂದರಲ್ಲಿ ಮಜ್ಜಿಗೆಹುಳಿಯದು. ಅಡಿಗೆಯವರು ಮಾತ್ರ ಕೊಪ್ಪರಿಗೆಯೊಳಗೇ ತೊಡೆಮಟ್ಟ ನಿಂತು ತುಳಿಯುತ್ತಿದ್ದರು. ತೊಗಲು ಮೆತ್ತಗಾಗಲು ಸುಣ್ಣದ ಜೊತೆ ಪಾರಿವಾಳದ ಹಿಕ್ಕೆಯೂ ಬೇಕಂತೆ. ನಾನು ಅಂಗಿ ನೋಡಿಕೊಂಡೆ. ನಮ್ಮವಳು ತನ್ನ ಪಾಲಿನ ಪುದೀನವನ್ನೂ ನನಗೇ ಕೊಟ್ಟಳು. ಪ್ರೀತಿಯಿಂದ ಅಂದುಕೊಂಡೆ, “ಮೂಗಿಗಲ್ಲ, ಜೇಬಿಗೆ ಇಟ್ಕೊಳ್ಳಿ” ಎಂದಳು. ಪುದೀನ ಪುಕ್ಕಟೆ. ಇಳಿಯುವ ದಾರಿ ಅಂಗಡಿಯೊಳಗಿಂದಲೇ ಆದ್ದರಿಂದ ಎರಡು ಜೊತೆ ಹಳದಿ ಚಪ್ಪಲಿಗೆ ದುಡ್ಡು ಬಿತ್ತು.

ಊಟಕ್ಕೆ ಕೂತರೆ ನನ್ನ ಕುರ್ಚಿಯ ಸುತ್ತ ಊರಿನ ಬೆಕ್ಕುಗಳ ಸಭೆ. ನಾವು ಸಸ್ಯಾಹಾರಿಗಳು, ಮಾಂಸ ಬೇಡ, ತರಕಾರಿ ತಾಜಿನ್ ಕೊಡಿ ಅಂತ ಮೂರು ಸಲ ಹೇಳಿದ್ದೆ. ಮಣ್ಣಿನ ಶಿಖರದಂಥ ಮುಚ್ಚಳ ತೆಗೆದರೆ ಕ್ಯಾರೆಟ್, ಸೀಮೆ ಕುಂಬಳ, ಆಲೂಗಡ್ಡೆ ಗೋಪುರದ ಹಾಗೆ ನಿಂತಿದ್ದವು. ಗೋಪುರದ ಒಂದು ಮಗ್ಗುಲು ಕುಸಿದ ಕೂಡಲೇ ಕೆಳಗಿಂದ ಕೋಳಿಯ ಕಾಲೊಂದು ಇಣುಕಿತು. ಮಾಣಿಯನ್ನು ಕರೆದೆ. “ಇದು ಮಾಂಸ ಅಲ್ಲ ಸರ್, ಕೋಳಿ” ಎಂದ. ನನ್ನ ಮುಖ ನೋಡಿ ಮರುಕಪಟ್ಟು, ಕಾಲನ್ನು ಚಮಚದಲ್ಲಿ ಎತ್ತಿ ತೆಗೆದು, ಅದೇ ಪಾತ್ರೆಯನ್ನು ಮತ್ತೆ ಮುಂದಿಟ್ಟ. “ಈಗ ತರಕಾರಿ.”

ಕಡೆಗೆ ಕೈಹಿಡಿದದ್ದು ಜಾಲೂಕ್. ಬದನೆಕಾಯಿ, ಟೊಮೆಟೊ, ಬೆಳ್ಳುಳ್ಳಿ, ಜೀರಿಗೆ. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿಗೆ ದಾಯಾದಿಯೇ ಸರಿ. ದುಂಡನೆ ರೊಟ್ಟಿಯ ಜೊತೆ ಮೂರು ಬಟ್ಟಲು ಖಾಲಿ ಮಾಡಿದೆವು. ಆಮೇಲೆ ಒಂದು ಮೊಳ ಎತ್ತರದಿಂದ ಸುರಿದ ಚಹಾ ಬಂತು. ತುಂಬಾ ಪುದೀನ. ನನಗೆ ಗುಟುಕು ಗುಟುಕಿಗೂ ಶುವಾರಾ ಕಣ್ಣೆದುರು ಬಂದು ನಿಂತಿತು.

ವಾಪಸು ಹೊರಟಾಗ ಆಗಿದ್ದು ನಿಜವಾದ ಫಜೀತಿ. ಬೆಳಗ್ಗೆ ಬಾಬ್ ಬೂ ಜಲೂದ್ ಎಂಬ ನೀಲಿ ಹೆಬ್ಬಾಗಿಲಿನಿಂದ ಒಳಗೆ ಬಂದಿದ್ದೆವು. ಈ ಹೊತ್ತಿಗೆ ಫೋನಿನ ನಕ್ಷೆಯ ಚುಕ್ಕಿ ಗೋಡೆಗೋಡೆ ಹಾರುತ್ತಿತ್ತು.

“ರೀ, ಬೆಳಗ್ಗೆ ಇಳ್ಕೊಂಡು ಬಂದ್ವಿ. ಈಗ ಹತ್ತುತ್ತಾ ಹೋದ್ರೆ ಬಾಗಿಲು ಸಿಗ್ಬೇಕು ತಾನೇ?”

ಹತ್ತಿದೆವು. ಸಿಕ್ಕಿತು. ಆದರೆ ಹಸಿರು ಬಾಗಿಲು!

“ಇದಲ್ಲ, ನಮ್ಮದು ನೀಲಿ” ಎಂದೆ ಘನವಾಗಿ. ಅವಳು ಏನೋ ಹೇಳಬಂದಳು. 1913ರಲ್ಲಿ ಕಟ್ಟಿದ ಬಾಗಿಲಿನ ಬಗ್ಗೆ ನನಗೆ ಪಾಠ ಬೇಕಿರಲಿಲ್ಲ. ತಿರುಗಿ ಪೇಟೆಯೊಳಗೆ ನುಗ್ಗಿದೆ. ಒಂದು ಗಂಟೆಯಲ್ಲಿ ಒಂದೇ ಹಿತ್ತಾಳೆ ಅಂಗಡಿಯನ್ನು ನಾಲ್ಕು ಸಲ ಕಂಡೆವು. ನಾಲ್ಕನೇ ಸಲ ಅಂಗಡಿಯವ ಎದ್ದು ನಿಂತು ನಮಸ್ಕರಿಸಿದ.

ಕೊನೆಗೆ ಹತ್ತು ವರ್ಷದ ಹುಡುಗನೊಬ್ಬ, ಅಂದರೆ ಅಪ್ಪಟ ಬಾಲಕ, ನಮ್ಮ ಹೊಣೆ ಹೊತ್ತುಕೊಂಡ. “ಬಾಲಕ್! ಬಾಲಕ್!” ಎಂದು ಜನರನ್ನು ಸರಿಸುತ್ತಾ ಮುಂದೆ ನಡೆದ. ಹೇರು ಹೊತ್ತ ಪ್ರಾಣಿಯಂತೆ ನಾನು ಹಿಂದೆ. ತಂದು ನಿಲ್ಲಿಸಿದ್ದು ಅದೇ ಹಸಿರು ಬಾಗಿಲಿಗೆ. ನಾನು ತಲೆಯಾಡಿಸುವ ಮೊದಲೇ ಅಂಗಿಯ ತೋಳು ಹಿಡಿದು ಕಮಾನಿನಡಿ ದಾಟಿಸಿದ. ಆಚೆ ನಿಲ್ಲಿಸಿ ಹಿಂದಕ್ಕೆ ತಿರುಗಿಸಿದ.

ನೀಲಿ. ಹೊರಮೈ ನೀಲಿ, ಒಳಮೈ ಹಸಿರು.

ಹುಡುಗ 20 ದಿರ್ಹಮ್ ಕೇಳಿದ. ನಮ್ಮವಳು 50 ಕೊಟ್ಟಳು.