ಬರುವವರಿಗೆ ಇರುವ ಅಕ್ಕರೆ ಹೋಗುವವರಿಗೂ ಇರಲಿ

ಕಳೆದ ಚಳಿಗಾಲದಲ್ಲಿ ನಾವೆಲ್ಲ ಹಂಚಿಕೊಳ್ಳುವ ಕಾಮನ್ ಹೌಸಿನ ಅಡುಗೆಮನೆಯ ಪೈಪ್ ಒಡೆಯಿತು. ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಅಂತ ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಹಿರಿಯರು ಎರಡು ತಿಂಗಳ ಹಿಂದೆಯೇ ಮನೆ ಮಾರಿ ಹೊರಟುಹೋಗಿದ್ದರು. ಅವರಿಗೇ ಫೋನ್ ಮಾಡಿದೆ. "ಪಾತ್ರೆ ತೊಳೆಯೋ ಮೆಷಿನ್ ಹಿಂದೆ ಕೈ ಹಾಕು, ಎಡಕ್ಕೆ ಸಿಗುತ್ತೆ. ಬಿಗಿಯಾಗಿದೆ, ಬಟ್ಟೆ ಸುತ್ತಿ ತಿರುಗಿಸು" ಅಂದರು. ನೀರು ನಿಂತಿತು. ಆದರೆ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನಿರುವುದು ಅಮೆರಿಕದ ಒಂದು ಕೋಹೌಸಿಂಗ್‌ನಲ್ಲಿ. ಎಲ್ಲರಿಗೂ ಸ್ವಂತ ಮನೆ, ಸ್ವಂತ ಅಡುಗೆಮನೆ ಇದೆ. ಜೊತೆಗೆ ಎಲ್ಲರಿಗೂ ಸೇರಿದ ಕಾಮನ್ ಹೌಸ್, ಅಲ್ಲಿ ಆಗಾಗ ಒಟ್ಟಿಗೆ ಊಟ. ಈ ರೀತಿ ಶುರುವಾಗಿದ್ದು ಡೆನ್ಮಾರ್ಕಿನಲ್ಲಿ, 1972ರ ಸೆಟ್ಟೆಡಾಮೆನ್ ಅನ್ನುವ ವಸತಿಯಿಂದ. ಇಲ್ಲಿ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ, 1991ರ ಮ್ಯೂರ್ ಕಾಮನ್ಸ್.

ಹೊಸಬರನ್ನು ಬರಮಾಡಿಕೊಳ್ಳುವುದರಲ್ಲಿ ನಮ್ಮ ಕೋಹೌಸಿಂಗ್‌ನವರು ನಿಜಕ್ಕೂ ಒಳ್ಳೆಯವರು. ಮನೆ ಕೊಳ್ಳುವ ಮೊದಲೇ ಊಟಕ್ಕೆ ಬನ್ನಿ, ಒಂದು ಸಭೆಯಲ್ಲಿ ಕೂತು ನೋಡಿ, ತೋಟದ ಕೆಲಸದ ದಿನ ಜೊತೆಗಿರಿ ಅನ್ನುತ್ತಾರೆ. ಬಂದ ಮೇಲೆ ಒಬ್ಬ ಜೊತೆಗಾರನನ್ನು ಗೊತ್ತು ಮಾಡುತ್ತಾರೆ. ಯಾರನ್ನೂ ನಾವು ಆರಿಸುವುದಿಲ್ಲ, ಒಗ್ಗುತ್ತದೋ ಇಲ್ಲವೋ ಅಂತ ಬಂದವರೇ ತೀರ್ಮಾನಿಸುತ್ತಾರೆ. ಬಣ್ಣ, ಧರ್ಮ, ಹುಟ್ಟಿದ ದೇಶ ನೋಡಿ ಮನೆ ನಿರಾಕರಿಸಬಾರದು ಅಂತ 1968ರ ಫೇರ್ ಹೌಸಿಂಗ್ ಕಾನೂನೇ ಇದೆ. "ನಮಗೆ ಹೊಂದುವವರನ್ನು ನಾವೇ ಆರಿಸಬೇಕಿತ್ತು" ಅಂತ ಕೆಲವರು ಈಗಲೂ ಕೊರಗುತ್ತಾರೆ. ನಾನು ಒಪ್ಪುವುದಿಲ್ಲ. ಹಾಗೆ ಆರಿಸಿದ್ದರೆ, ಮೊದಲ ಸಭೆಯಲ್ಲಿ ಬಾಯಿಯೇ ಬಿಡದೆ ಕೂತಿದ್ದ ಈ ಕನ್ನಡಿಗನನ್ನು ಯಾರು ಆರಿಸುತ್ತಿದ್ದರು?

ಕೊರತೆ ಇರುವುದು ಕಳಿಸಿಕೊಡುವುದರಲ್ಲಿ. ನಮ್ಮ ಭಾಷೆಯಲ್ಲಿ "ಹೋಗ್ತೀನಿ" ಅನ್ನಲ್ಲ, "ಬರ್ತೀನಿ" ಅಂತೀವಿ, ಅಲ್ವಾ? ಇಲ್ಲಿ ಮನೆ ಮಾರಾಟಕ್ಕಿದೆ ಅನ್ನುವ ಸುದ್ದಿ ಬಂದ ಕೂಡಲೇ ಎಲ್ಲರೂ ಮುಂದೆ ಯಾರು ಬರ್ತಾರೆ ಅಂತ ಕೇಳಲು ಶುರು ಮಾಡುತ್ತಾರೆ. ಹೋಗುವವರು ಆಗಲೇ ಅರ್ಧ ಹೊರಗಿನವರಾಗುತ್ತಾರೆ. ಕೆಲಸ, ವಯಸ್ಸು, ವಿಚ್ಛೇದನ, ಕಾರಣ ಏನೇ ಇರಬಹುದು. ಮನಸ್ತಾಪದಿಂದ ಹೋಗುವವರಂತೂ ಸುಮ್ನೆ ಹೋಗಿಬಿಡುತ್ತಾರೆ. ಯಾಕೆ ಅಂತ ಕೇಳಲು ಎಲ್ಲರಿಗೂ ಮುಜುಗರ.

ಆದರೆ ಮುಂದಿನ ನೆರೆಯವರು ಯಾರು ಅನ್ನುವುದು ಜಾಸ್ತಿ ಹೋಗುವವರ ಕೈಯಲ್ಲೇ ಇದೆ. ಮಾರುವ ಯೋಚನೆ ಆರು ತಿಂಗಳು ಮುಂಚೆ ಹೇಳಿದರೆ ಕಾಯುವವರ ಪಟ್ಟಿಯಿಂದ ಜನ ಬಂದು, ಊಟ ಮಾಡಿ, ನೋಡಿ ಹೋಗಲು ಪುರುಸೊತ್ತು ಸಿಗುತ್ತದೆ. ವಾರದಲ್ಲಿ ಮಾರಬೇಕಾದರೆ ಬೆಲೆ ಹೆಚ್ಚು ಕೊಟ್ಟವರಿಗೆ ಕೊಡುತ್ತಾರೆ. ಅದು ಅವರ ತಪ್ಪಲ್ಲ, ಅವರ ಉಳಿತಾಯವೆಲ್ಲ ಆ ಗೋಡೆಗಳಲ್ಲೇ ಇರುತ್ತದೆ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಲೈಲ್ಯಾಕ್ ಅನ್ನುವ ಕೋಹೌಸಿಂಗ್‌ನವರು ಈ ಗಂಟನ್ನು ಬೇರೆ ರೀತಿ ಬಿಡಿಸಿದ್ದಾರೆ. ಅಲ್ಲಿ 20 ಮನೆಗಳು, ಒಡೆತನ ಎಲ್ಲರೂ ಸದಸ್ಯರಾಗಿರುವ ಸಂಘದ್ದು. ಕೈಗೆ ಬರುವ ಆದಾಯದ 35 ಶೇಕಡಾವನ್ನು ಪ್ರತಿ ಮನೆಯವರೂ ಸಂಘಕ್ಕೆ ಕಟ್ಟುತ್ತಾರೆ, ಅದರಿಂದ ಅವರ ಪಾಲು ಬೆಳೆಯುತ್ತದೆ. ಹೋಗುವಾಗ ತಮ್ಮ ಪಾಲನ್ನು ತೆಗೆದುಕೊಳ್ಳುತ್ತಾರೆ, ಮನೆ ಸಂಘದಲ್ಲೇ ಉಳಿಯುತ್ತದೆ. ಪಾಲಿನ ಬೆಲೆಯನ್ನು ಸಂಬಳಗಳ ಏರಿಕೆಗೆ ಜೋಡಿಸಿದ್ದಾರೆ, ಮನೆ ಮಾರುಕಟ್ಟೆಗಲ್ಲ. ಲಾಭ ಕಡಿಮೆ, ನಿಜ. ಆದರೆ ಹೊರಡುವವರಿಗೂ ಉಳಿಯುವವರಿಗೂ ಎಳೆದಾಟ ಇರುವುದಿಲ್ಲ. ನಮ್ಮಲ್ಲಿ ಈಗ ಹಾಗೆ ಬದಲಾಗುವುದು ಕಷ್ಟ, ಎಲ್ಲರೂ ಮಾರುಕಟ್ಟೆ ಬೆಲೆಗೇ ಕೊಂಡವರು. ಹಾಗಾಗಿ ಮೊದಲೇ ಹೇಳುವುದು, ಕೂತು ಮಾತಾಡುವುದು, ನೋಡಿಕೊಳ್ಳುತ್ತಿದ್ದ ಕೆಲಸ ಒಪ್ಪಿಸಿ ಹೋಗುವುದು, ಇಷ್ಟಾದರೂ ರೂಢಿಯಾಗಬೇಕು.

ಬರುವ ತಿಂಗಳು ಇನ್ನೊಂದು ಕುಟುಂಬ ಹೊರಡುತ್ತಿದೆ. ಹನ್ನೊಂದು ವರ್ಷ ಗೊಬ್ಬರದ ತೊಟ್ಟಿ, ಬಾಯ್ಲರ್ ಎರಡನ್ನೂ ನೋಡಿಕೊಂಡವರು. ಭಾನುವಾರ ಅವರ ಜೊತೆ ನೋಟ್‌ಬುಕ್ ಹಿಡಿದು ಇಡೀ ಜಾಗ ಸುತ್ತಲಿದ್ದೇನೆ. ಸಂಜೆ ಊಟಕ್ಕೆ ಅವರನ್ನು ಕೂರಿಸಿ, ಯಾಕೆ ಹೋಗ್ತಿದೀರಿ ಅಂತಲೂ ಕೇಳುತ್ತೇನೆ.