ದಿಂಬಿಗೆ ಗುದ್ದಿದರೆ ಸಿಟ್ಟು ಇಳಿಯುತ್ತದೆಯೇ?

ಸಿಟ್ಟನ್ನು ಒಳಗಿಟ್ಟುಕೊಂಡರೆ ಕಾಯಿಲೆ, ದಿಂಬಿಗೆ ಗುದ್ದಿಯೋ ಕಿರುಚಿಯೋ ಹೊರಹಾಕಿ ಎಂಬ ಸಲಹೆ ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವವರ ಕಾಳಜಿ ನಿಜ. ಗುದ್ದಿದ ಮೇಲೆ ಮೈ ಹಗುರಾದಂತೆ ಅನಿಸುವುದೂ ಸುಳ್ಳಲ್ಲ. ಆದರೆ ಸಿಟ್ಟು ಇಳಿಯುತ್ತದೆ ಎಂಬ ಮಾತು ಪರೀಕ್ಷೆಯಲ್ಲಿ ನಿಂತಿಲ್ಲ.

2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 600 ಕಾಲೇಜು ವಿದ್ಯಾರ್ಥಿಗಳ ಪ್ರಬಂಧಗಳನ್ನು ಬೇಕೆಂದೇ ಹೀಗಳೆದು ಅವರನ್ನು ರೇಗಿಸಿದರು. ಕೆಲವರು ಹೀಗಳೆದವರನ್ನೇ ನೆನೆಯುತ್ತ ಪಂಚಿಂಗ್ ಬ್ಯಾಗಿಗೆ ಗುದ್ದಿದರು, ಕೆಲವರು ವ್ಯಾಯಾಮವೆಂದುಕೊಂಡು ಗುದ್ದಿದರು, ಉಳಿದವರು ಸುಮ್ಮನೆ ಕೂತರು. ನೆನೆದು ಗುದ್ದಿದವರಿಗೇ ಸಿಟ್ಟು ಹೆಚ್ಚು. ಆಮೇಲೆ ಸೇಡಿಗೆ ಅವಕಾಶ ಕೊಟ್ಟಾಗ ಕಡಿಮೆ ಕೆರಳಿದವರು ಸುಮ್ಮನೆ ಕೂತವರು. 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ನಿಧಾನ ಉಸಿರಾಟ, ಧ್ಯಾನದಂಥವು ಸಿಟ್ಟು ಇಳಿಸಿದವು. ಜಾಗಿಂಗ್ ಇಳಿಸಲಿಲ್ಲ (ಹೃದಯಕ್ಕೆ ಒಳ್ಳೆಯದು, ಆ ಮಾತು ಬೇರೆ).

ಹಾಗೆಂದು ನುಂಗಿಕೊಂಡಿರಿ ಅಂತಲ್ಲ. ಸಿಬಿಟಿ ಎಂಬ, ಯೋಚನೆ ಮತ್ತು ನಡವಳಿಕೆಯನ್ನು ಮಾತುಕತೆಯಲ್ಲಿ ತಿದ್ದುವ ಚಿಕಿತ್ಸೆಯಲ್ಲಿ ಮೊದಲು ಮೈಯ ಬಿಸಿ ಇಳಿಸುತ್ತಾರೆ, ಆಮೇಲೆ ‘ಫೋನ್ ಎತ್ತಲಿಲ್ಲ, ಅಂದರೆ ನನಗೆ ಬೆಲೆಯೇ ಇಲ್ಲ’ ಎಂಬಂಥ ಯೋಚನೆಯನ್ನು ಹಿಡಿದು ವಿಚಾರಿಸುತ್ತಾರೆ.

ಇಂಥ ಸಂದೇಶ ಬಂದರೆ ಎರಡು ಪ್ರಶ್ನೆ ಸಾಕು. ಏನೂ ಮಾಡದವರೊಂದಿಗೆ ಹೋಲಿಸಿದ್ದಾರೆಯೇ? ಕೇಳಬೇಕಾದ್ದೇ, ಏಕೆಂದರೆ ಸಿಟ್ಟು ಹೊತ್ತು ಕಳೆದಂತೆ ತಾನಾಗಿಯೂ ಇಳಿಯುತ್ತದೆ. ಅಳೆದದ್ದು ಆ ಕ್ಷಣದ ಹಾಯನ್ನೋ, ನಂತರದ ನಡವಳಿಕೆಯನ್ನೋ? ಉತ್ತರ ಬೇಕಿದ್ದರೆ ವೈದ್ಯಕೀಯ ಸಂಶೋಧನೆಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಅಧ್ಯಯನಗಳ ಸಾರಾಂಶ ಉಚಿತವಾಗಿ ಸಿಗುತ್ತದೆ. ಹುಡುಕುವಾಗ ‘ಮೆಟಾ ಅನಾಲಿಸಿಸ್’ (ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವುದು) ಎಂದೂ ಸೇರಿಸಿ.